ಆ ಮನೆ ಯಾರದು?

ದೆಹಲಿಗೆ ಹೋದವರು ರಾಷ್ಟ್ರಪತಿ ಭವನವನ್ನು ನೋಡದೆ ಮರಳುವುದು ಕಡಿಮೆ. ಗೇಟಿನ ಹೊರಗೆ ನಿಂತಾದರೂ ಇಣುಕಿ ಬರುತ್ತೇವೆ. ಮೊದಲೇ ಹೆಸರು ನೋಂದಾಯಿಸಿ ಗುರುತಿನ ಚೀಟಿ ತೋರಿಸಿದರೆ ಒಳಗೂ ಹೋಗಬಹುದು. 340 ಕೋಣೆಗಳಿವೆ ಎಂದು ಕೇಳಿ ಬೆರಗಾಗುತ್ತೇವೆ, ನಮ್ಮ ದೇಶದ ಮೊದಲ ಪ್ರಜೆಯ ಮನೆಯಿದು ಎಂದು ಹೆಮ್ಮೆ ಪಡುತ್ತೇವೆ. ಆದರೆ ಈ ಮನೆ ನಮ್ಮದಾದದ್ದು ಹೇಗೆ? ನಿಜಕ್ಕೂ ನಮ್ಮದಾಗಿದೆಯೇ?

ಇದನ್ನು ಕಟ್ಟಿದ್ದು ಪ್ರಜೆಗಾಗಿ ಅಲ್ಲ. ರಾಜಧಾನಿಯನ್ನು ಕಲ್ಕತ್ತಾದಿಂದ ದೆಹಲಿಗೆ ತರುವುದಾಗಿ ದೊರೆ ಐದನೇ ಜಾರ್ಜ್ 1911ರಲ್ಲಿ ಘೋಷಿಸಿದಾಗ, ರೈಸಿನಾ, ಮಾಲ್ಚಾ ಮೊದಲಾದ ಹಳ್ಳಿಗಳ ಜಮೀನನ್ನು 1894ರ ಭೂಸ್ವಾಧೀನ ಕಾಯ್ದೆಯಡಿ ವಶಪಡಿಸಿಕೊಳ್ಳಲಾಯಿತು. ಉಳುತ್ತಿದ್ದವರು ಎದ್ದು ಹೋಗಬೇಕಾಯಿತು. ಎಡ್ವಿನ್ ಲುಟ್ಯೆನ್ಸ್ ನಕ್ಷೆ ಬರೆದ. ನಾಲ್ಕು ವರ್ಷದಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ಹದಿನೇಳು ವರ್ಷ ಹಿಡಿಯಿತು. 70 ಕೋಟಿ ಇಟ್ಟಿಗೆ, 30 ಲಕ್ಷ ಘನ ಅಡಿ ಕಲ್ಲು ಬಳಕೆಯಾದವು. ಮುಖ್ಯ ಕಟ್ಟಡದ ಗುತ್ತಿಗೆದಾರ ಹಾರೂನ್ ಅಲ್ ರಶೀದ್ ಎಂಬುದು ದಾಖಲೆಯಲ್ಲಿದೆ. ಕಲ್ಲು ಹೊತ್ತವರ ಹೆಸರು ಯಾರಿಗೆ ಗೊತ್ತು? ವಿಚಿತ್ರವೆಂದರೆ, 1931ರಲ್ಲಿ ನವದೆಹಲಿ ಉದ್ಘಾಟನೆಯಾದ ಹದಿನಾರೇ ವರ್ಷಕ್ಕೆ ಸಾಮ್ರಾಜ್ಯ ಗಂಟುಮೂಟೆ ಕಟ್ಟಿತು.

ವೈಸರಾಯ್ ಮನೆಯನ್ನು ಆಸ್ಪತ್ರೆಯಾಗಿ ಮಾಡಬೇಕೆಂಬುದು ಗಾಂಧೀಜಿಯವರ ಆಸೆಯಾಗಿತ್ತು. ಅದು ನೆರವೇರಲಿಲ್ಲ. ದೇಶವೊಂದರ ಘನತೆಗೆ, ಪರದೇಶದ ಅತಿಥಿಗಳನ್ನು ಬರಮಾಡಿಕೊಳ್ಳಲು ದೊಡ್ಡ ಕಟ್ಟಡ ಬೇಕೆಂಬ ವಾದವಿದೆ. ಅದನ್ನು ನಾವು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಗಾಂಧೀಜಿ ಕೇಳಿದ್ದು ಬರೀ ಕಟ್ಟಡದ ಪ್ರಶ್ನೆಯಾಗಿರಲಿಲ್ಲ, ಆಳುವವರಿಗೂ ಜನರಿಗೂ ನಡುವಿನ ಅಂತರದ ಪ್ರಶ್ನೆಯಾಗಿತ್ತು. ಗೋಡೆ ಹಾಗೇ ಉಳಿದರೆ ಆ ಅಂತರವನ್ನು ಒಳಗಿರುವವರು ತಮ್ಮ ನಡತೆಯಿಂದಲೇ ಕಡಿಮೆ ಮಾಡಬೇಕು.

ಕೆಲವರು ಮಾಡಿದರು. 1948ರಲ್ಲಿ ಗವರ್ನರ್ ಜನರಲ್ ಆದ ರಾಜಾಜಿ, ವೈಸರಾಯ್‌ಗಳ ಭವ್ಯ ಕೋಣೆಗಳನ್ನು ಬಿಟ್ಟು ಸಣ್ಣ ಕೋಣೆಗಳಲ್ಲಿ ನೆಲೆಸಿದರು. ಮುಂದೆ ರಾಷ್ಟ್ರಪತಿಗಳೂ ಅದನ್ನೇ ಅನುಸರಿಸಿದರು, ಹಳೆಯ ಕೋಣೆಗಳು ಅತಿಥಿಗಳಿಗಾದವು. ಅಬ್ದುಲ್ ಕಲಾಮ್ ರಾಷ್ಟ್ರಪತಿಯಾಗಿದ್ದಾಗ, 2006ರಲ್ಲಿ ಅವರ ಐವತ್ತಕ್ಕೂ ಹೆಚ್ಚು ಬಂಧುಗಳು ಬಂದು ಅಲ್ಲಿ ತಂಗಿದ್ದರು. ಆ ಖರ್ಚು ಮೂರೂವರೆ ಲಕ್ಷ ರೂಪಾಯಿಗೂ ಮಿಕ್ಕಿತ್ತು. ಅಷ್ಟನ್ನೂ ಕಲಾಮ್ ಸ್ವಂತ ಹಣದಿಂದ ಕಟ್ಟಿದರು ಎಂದು ಅವರ ಕಾರ್ಯದರ್ಶಿಯಾಗಿದ್ದ ಪಿ.ಎಂ. ನಾಯರ್ ಬರೆದಿದ್ದಾರೆ. ಕೇಳುವವರು ಯಾರೂ ಇರಲಿಲ್ಲ. ಆದರೂ ಕಟ್ಟಿದರು. ಮನೆ ತನ್ನದಲ್ಲ, ಮಾಲೀಕರು ಹೊರಗಿದ್ದಾರೆ ಎಂದು ತಿಳಿದವನ ನಡತೆಯದು.

ಈಚೆಗೆ ಹೆಸರು ಬದಲಿಸುವ ಕೆಲಸ ನಡೆದಿದೆ. 2023ರಲ್ಲಿ ಮೊಘಲ್ ಗಾರ್ಡನ್ 'ಅಮೃತ ಉದ್ಯಾನ'ವಾಯಿತು, 2024ರಲ್ಲಿ ದರ್ಬಾರ್ ಹಾಲ್ 'ಗಣತಂತ್ರ ಮಂಟಪ'ವಾಯಿತು. ದರ್ಬಾರು ಎಂಬ ಪದ ಹೋಯಿತು, ಸರಿ. ದರ್ಬಾರಿನ ಬುದ್ಧಿ? ಒಂದು ಸಹಿಗಾಗಿ ಸರಕಾರಿ ಕಚೇರಿಯ ಬಾಗಿಲಲ್ಲಿ ಕೈಕಟ್ಟಿ ಕಾಯುವ ಮುದುಕನನ್ನು ಕೇಳಿದರೆ ಗೊತ್ತಾದೀತು.

ಮಾಲೀಕರೆನಿಸಿಕೊಂಡ ನಮಗೂ ಒಂದು ಹೊಣೆಯಿದೆ. ನಾವು ಝೂಮರ್ ದೀಪಗಳನ್ನು ನೋಡುತ್ತೇವೆ, ಗುಮ್ಮಟದ ಎತ್ತರ ಕೇಳುತ್ತೇವೆ. ಇಲ್ಲಿ ಮೊದಲು ಯಾರ ಹೊಲವಿತ್ತು ಎಂದೂ ಕೇಳಬಹುದಲ್ಲ? ರೈಸಿನಾ ಈಗ ಅಧಿಕಾರದ ಇನ್ನೊಂದು ಹೆಸರು. ಮಾಲ್ಚಾ ಹೆಸರಿನಲ್ಲಿ ಚಾಣಕ್ಯಪುರಿಯಲ್ಲೊಂದು ರಸ್ತೆಯಿದೆ.