ಕೇಳುವ ಧೈರ್ಯ



ಜನವರಿ 25ರಂದು ಧರ್ಮಸಭೆ ಸಂತ ಪೌಲರ ಮನಪರಿವರ್ತನೆಯ ಹಬ್ಬವನ್ನು ಆಚರಿಸುತ್ತದೆ. ಮರುದಿನವೇ ನಮ್ಮ ದೇಶದ ಗಣರಾಜ್ಯೋತ್ಸವ. ಒಂದು ದಿನ ಬಲಿಪೀಠದ ಮುಂದೆ ಮೊಣಕಾಲೂರುತ್ತೇವೆ, ಮರುದಿನ ಧ್ವಜದ ಮುಂದೆ ನಿಲ್ಲುತ್ತೇವೆ. ಈ ಎರಡು ದಿನಗಳನ್ನು ಜೋಡಿಸುವ ಘಟನೆಯೊಂದು ಪ್ರೇಷಿತರ ಕಾರ್ಯಕಲಾಪಗಳ 16ನೆಯ ಅಧ್ಯಾಯದಲ್ಲಿದೆ.

ಫಿಲಿಪ್ಪಿ ಪಟ್ಟಣದಲ್ಲಿ ಪೌಲ ಮತ್ತು ಸೀಲರನ್ನು ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ತಳ್ಳಿದರು. ಬೆಳಗಾದ ಮೇಲೆ ಅಧಿಕಾರಿಗಳು, ಅವರನ್ನು ಸದ್ದಿಲ್ಲದೆ ಬಿಟ್ಟುಬಿಡಿ ಎಂದು ಹೇಳಿ ಕಳುಹಿಸಿದರು. ಪೌಲರು ಹೋಗಲಿಲ್ಲ. ತಾವು ರೋಮಿನ ಪೌರರು, ಬಹಿರಂಗವಾಗಿ ಹೊಡೆಸಿದವರು ಗುಟ್ಟಾಗಿ ಕಳುಹಿಸುವುದು ಸರಿಯಲ್ಲ, ಅವರೇ ಬಂದು ಬಿಡಿಸಲಿ ಎಂದರು. ಅಧಿಕಾರಿಗಳು ಬಂದರು, ವಿನಂತಿಸಿಕೊಂಡರು. ಪೌಲರು ಯಾರ ಮೇಲೂ ಸೇಡು ತೀರಿಸಿಕೊಳ್ಳಲಿಲ್ಲ. ಹಿಂದಿನ ರಾತ್ರಿಯೇ ಅವರು ಸೆರೆಮನೆಯ ಕಾವಲುಗಾರನ ಪ್ರಾಣ ಉಳಿಸಿ, ಅವನಿಗೂ ಅವನ ಮನೆಯವರಿಗೂ ದೀಕ್ಷಾಸ್ನಾನ ನೀಡಿದ್ದರು. ಹಾಗಾದರೆ ಹಕ್ಕನ್ನು ಏಕೆ ಕೇಳಿದರು? ಲಿಡಿಯಳ ಮನೆಯಲ್ಲಿ ಸೇರುತ್ತಿದ್ದ ಆ ಪುಟ್ಟ ಸಭೆಯನ್ನು ನಾಳೆ ಯಾರೂ ಹಗುರವಾಗಿ ಕಾಣಬಾರದು. ಅವರ ಧೈರ್ಯದ ಹಿಂದೆ ಇದ್ದದ್ದು ಹಿಂದೆ ಉಳಿಯುವವರ ಮೇಲಿನ ಪ್ರೀತಿ.

ಬರೆದಿಟ್ಟ ಮಾತು ತಾನಾಗಿ ಜೀವ ತಳೆಯುವುದಿಲ್ಲ. ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟಿಯಾದವರೆಂದು ಅಮೆರಿಕ 1776ರಲ್ಲೇ ಬರೆಯಿತು. ಆದರೂ ಗುಲಾಮಗಿರಿ ಕೊನೆಗೊಂಡದ್ದು 1865ರಲ್ಲಿ. ಆಮೇಲೂ ಕಪ್ಪು ಜನರು ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡಬೇಕಾಗಿತ್ತು. 1955ರ ಡಿಸೆಂಬರ್ 1ರಂದು ಮಾಂಟ್ಗೊಮರಿ ನಗರದಲ್ಲಿ ಬಟ್ಟೆ ಹೊಲಿದು ಬದುಕುತ್ತಿದ್ದ ರೋಸಾ ಪಾರ್ಕ್ಸ್ ಎಂಬ ಹೆಣ್ಣುಮಗಳು ಏಳಲಿಲ್ಲ. ಅಲ್ಲಿನ ಜನ ಚರ್ಚುಗಳಲ್ಲಿ ಸೇರಿ ಪ್ರಾರ್ಥಿಸಿ, 381 ದಿನ ಬಸ್ಸು ಹತ್ತದೆ ನಡೆದರು. ಕಲ್ಲೆಸೆಯದೆ, ಬಸ್ಸಿಗೆ ಬೆಂಕಿಯಿಡದೆ ಗೆದ್ದರು. ಆ ದೇಶದ ಹಳೆಯ ಮಾತಿಗೆ ಅಷ್ಟರಮಟ್ಟಿಗೆ ಉಸಿರು ಕೊಟ್ಟವರು ಸಾಧಾರಣ ಜನರೇ.

ನಮ್ಮ ಸಂವಿಧಾನವೂ ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂಬ ನಾಲ್ಕು ಮಾತುಗಳನ್ನು ಮೊದಲ ಪುಟದಲ್ಲೇ ಇಟ್ಟಿದೆ. ಅದನ್ನು ರಚಿಸಿದ ಸಭೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ಜೆರೋಮ್ ಡಿಸೋಜರೂ ಇದ್ದರು. 1949ರಲ್ಲಿ ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಬೇಡವೆಂಬ ತೀರ್ಮಾನವಾದಾಗ ಅವರು ಅದನ್ನು ಬೆಂಬಲಿಸಿದರು. ನೆರೆಯವರ ಭ್ರಾತೃತ್ವವನ್ನು ನಂಬಿ ಇಟ್ಟ ಹೆಜ್ಜೆ ಅದು. ಬಿಟ್ಟುಕೊಡುವುದಕ್ಕೂ ಧೈರ್ಯ ಬೇಕು, ಕೇಳುವುದಕ್ಕೂ ಧೈರ್ಯ ಬೇಕು. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂದು ತಿಳಿಯುವ ವಿವೇಕ ಪವಿತ್ರಾತ್ಮರ ವರ.

ಗಡಿಯ ಜನರಾದ ನಮಗೆ ಇದು ದೂರದ ಮಾತಲ್ಲ. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ಆ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರುಗಳ ಜೊತೆ ಅದು ಆಂಧ್ರಕ್ಕೆ ಸೇರಿತು. ಮಡಕಶಿರದಿಂದ ಹೆಚ್ಚಿನ ದಿಕ್ಕುಗಳಲ್ಲಿ ಸ್ವಲ್ಪ ದೂರ ನಡೆದರೂ ಕರ್ನಾಟಕವೇ. 2022ರಲ್ಲಿ ಅದು ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಗೆರೆಗಳು ಸರಿಯುತ್ತಾ ಬಂದವು, ನಮ್ಮ ಮನೆಗಳು ಇದ್ದಲ್ಲೇ ಇವೆ. ಮನೆಯೊಳಗಿನ ಮಾತೂ ಅದೇ.

ಇಂಥ ಮನೆಗಳನ್ನು ನೆನೆದೇ 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳು ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯಲು ಸಾಕಷ್ಟು ಅನುಕೂಲ ಒದಗಿಸಲು ರಾಜ್ಯಗಳು ಶ್ರಮಿಸಬೇಕೆಂದು ಅದು ಹೇಳುತ್ತದೆ. ಭಾಷೆಯನ್ನು ಉಳಿಸಿಕೊಳ್ಳುವ ಹಕ್ಕು 29ನೆಯ ವಿಧಿಯಲ್ಲಿದೆ. ಆದರೆ ಕನ್ನಡ ಶಾಲೆಯಲ್ಲಿ ಮೇಷ್ಟರ ಜಾಗ ಖಾಲಿ ಬಿದ್ದಾಗ, ಪುಸ್ತಕ ತಡವಾದಾಗ ಅರ್ಜಿ ಬರೆಯುವವರು ಯಾರು? ಅಳದ ಮಗುವಿಗೆ ಹಾಲಿಲ್ಲ ಎಂಬುದು ನಮ್ಮವರೇ ಆಡುವ ಮಾತು. ನಾವು ಕೆಲವೇ ಜನ, ನಮಗೇಕೆ ಎಂದು ಸುಮ್ಮನಾದರೆ ನಾಳೆ ನಮ್ಮ ಮಕ್ಕಳು ಅಜ್ಜಿಯ ಜಪಮಾಲೆಯ ಪ್ರಾರ್ಥನೆಯನ್ನು ಕೇಳಬಲ್ಲರು, ಓದಲಾರರು.

ಧರ್ಮಸಭೆಯೊಳಗೂ ಇದೇ ಮಾತು. ಜೆರುಸಲೇಮಿನ ಮೊದಲ ಸಭೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಕೊರತೆಯಾಗುತ್ತಿತ್ತು. ಆ ಜನ ಸಭೆ ಬಿಟ್ಟು ಹೋಗಲಿಲ್ಲ, ದೂರು ಹೇಳಿಕೊಂಡರು. ಪ್ರೇಷಿತರು ಗದರಲಿಲ್ಲ, ಕೇಳಿಸಿಕೊಂಡರು. ಆಯ್ಕೆಯಾದ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ. ಅವರಲ್ಲಿ ಒಬ್ಬರು ಮೊದಲ ರಕ್ತಸಾಕ್ಷಿ ಸ್ತೇಫನರು. ಆ ದೂರು ಸಭೆಯನ್ನು ಒಡೆಯಲಿಲ್ಲ, ಬೆಳೆಸಿತು. ಕನ್ನಡದಲ್ಲಿ ಬಲಿಪೂಜೆ, ಕನ್ನಡದಲ್ಲಿ ಧರ್ಮೋಪದೇಶ ಬೇಕೆಂದು ಕೇಳುವ ನಾವೂ ಅದೇ ವಿನಯದಿಂದ, ಅದೇ ನಂಬಿಕೆಯಿಂದ ಕೇಳೋಣ. ತೆಲುಗು ಮಾತನಾಡುವ ಸಹೋದರರು ನಮ್ಮ ಎದುರಾಳಿಗಳಲ್ಲ. ನಾವು ಒಂದೇ ರೊಟ್ಟಿಯಲ್ಲಿ ಪಾಲುಗೊಳ್ಳುವವರು. ನಾಳೆ ಅವರ ಮನೆಯವರಿಗೆ ಅನ್ಯಾಯವಾದರೆ ಮೊದಲು ದನಿಯೆತ್ತಬೇಕಾದವರೂ ನಾವೇ. ತನ್ನವರಿಗಾಗಿ ಮಾತ್ರ ತೆರೆಯುವ ಬಾಯಿ ಇನ್ನೂ ಕ್ರಿಸ್ತರದ್ದಾಗಿಲ್ಲ.

ಈ ಗಣರಾಜ್ಯೋತ್ಸವಕ್ಕೆ ನಾವು ಮೂರು ಕೆಲಸ ಮಾಡೋಣ. ಮಕ್ಕಳ ಶಾಲೆಯ ಪೋಷಕರ ಸಭೆಗೆ ಹೋಗೋಣ. ಕೊರತೆ ಕಂಡರೆ ಕನ್ನಡದಲ್ಲೂ ತೆಲುಗಿನಲ್ಲೂ ಅರ್ಜಿ ಬರೆದು, ಹೆಸರು ಹಾಕಿ ಕೊಡೋಣ. ಓದು ಬಾರದ ನೆರೆಯವರಿಗೆ, ಅವರು ಯಾವ ಧರ್ಮದವರೇ ಆಗಿರಲಿ, ಅರ್ಜಿ ಬರೆದುಕೊಡೋಣ.

ಫಿಲಿಪ್ಪಿಯ ಸೆರೆಮನೆಯಲ್ಲಿ ಪೌಲರು ಮೊದಲು ಹಾಡಿ ಪ್ರಾರ್ಥಿಸಿದರು, ಆಮೇಲೆ ನ್ಯಾಯ ಕೇಳಿದರು. ನಮ್ಮ ಕ್ರಮವೂ ಅದೇ ಆಗಲಿ. ದ್ವೇಷವಿಲ್ಲದ ಮನಸ್ಸನ್ನು, ಅಂಜಿಕೆಯಿಲ್ಲದ ನಾಲಿಗೆಯನ್ನು ಪ್ರಭು ನಮಗೆ ದಯಪಾಲಿಸಲಿ. ಆಮೆನ್.