ಹೆಸರೂ ನೆಲೆಯೂ

ಮಡಕಶಿರ ಸೀಮೆಯ ಹೇಮಾವತಿಯು ನೊಳಂಬರ ರಾಜಧಾನಿಯಾಗಿದ್ದ ಕಾಲದಲ್ಲಿ ಹೆಂಜೇರು ಎನಿಸಿಕೊಂಡಿತ್ತು. ಹೆಸರು ಮಾರ್ಪಟ್ಟರೂ ನೆಲ ಕದಲಲಿಲ್ಲ. ಸ್ವಗೃಹದ ಗಣಕದಲ್ಲಿಯೇ ಜಾಲತಾಣವನ್ನಿರಿಸುವವನ ಪಾಡು ಇದಕ್ಕೆ ವಿಪರೀತವಾದುದು: ಅಲ್ಲಿ ಹೆಸರು ಸ್ಥಿರ, ನೆಲೆಯೇ ಚಂಚಲ. ಮನೆಗೆ ದೊರೆಯುವ ಐಪಿ ವಿಳಾಸವು ಅನೇಕವೇಳೆ ಬದಲಾಗುವುದರಿಂದ, ಹೊಸ ಅಂಕೆಯನ್ನು, ಹೆಸರಿಗೆ ವಿಳಾಸವನ್ನು ಹೊಂದಿಸುವ ಡಿಎನ್‌ಎಸ್ ದಾಖಲೆಯಲ್ಲಿ ಆಗಾಗ ತಿದ್ದಿ, ಹಳೆಯ ಉತ್ತರವನ್ನು ಲೋಕದ ಗಣಕಗಳು ನೆನಪಿಟ್ಟುಕೊಳ್ಳತಕ್ಕ ಅವಧಿಯನ್ನು 300 ಸೆಕೆಂಡುಗಳಷ್ಟಕ್ಕೆ ಇಳಿಸಿದ ಹೊರತು, ಅರಸಿ ಬಂದವರಿಗೆ ಮನೆ ಸಿಕ್ಕುವುದು ದುರ್ಲಭ.

ಹಾಗಾದರೆ ತಾಣವೆಂಬುದು ಯಾವುದು, ಹೆಸರೋ ಯಂತ್ರವೋ? ಛಾಂದೋಗ್ಯೋಪನಿಷತ್ತಿನ ಉದ್ದಾಲಕನು ಮಣ್ಣೇ ಸತ್ಯ, ವಿಕಾರವು ನಾಮಮಾತ್ರವೆಂದು ಮಗ ಶ್ವೇತಕೇತುವಿಗೆ ಬೋಧಿಸಿದನಷ್ಟೆ. ಇಲ್ಲಿಯಾದರೋ ಯಂತ್ರವನ್ನೇ ಮಣ್ಣೆನ್ನುವಂತಿಲ್ಲ, ಅದನ್ನೂ ನಾಳೆ ಬದಲಿಸಬಹುದು. ಹೆಸರಿನಲ್ಲಿ ಓದುಗರು ಇಟ್ಟ ವಿಶ್ವಾಸವೇ ತಾಣವೆಂದು ನನ್ನ ಮತ. ಆ ಹೆಸರಾದರೂ ಸ್ವತ್ತಲ್ಲ, ಗೇಣಿ: ಒಂದು ವರ್ಷದಿಂದ 10 ವರ್ಷದವರೆಗೆ ನೋಂದಾಯಿಸಬಹುದು, ನವೀಕರಿಸದಿದ್ದರೆ ಅದು ಪರರ ಪಾಲಾದೀತು.