ಇಲ್ಲ ಎನ್ನುವ ಮೊದಲು

"ಕಾಫಿ ಎಲ್ಲೇ? ಇನ್ನೂ ಕೊಟ್ಟೇ ಇಲ್ಲವಲ್ಲ" ಎಂದೆ. ಹೆಂಡತಿ ಅಡುಗೆಮನೆಯಿಂದ ಬಂದು ಒಂದು ಗಳಿಗೆ ಸುಮ್ಮನೆ ನಿಂತಳು. "ಆಗಲೇ ಇಟ್ಟು ಹೋದೆನಲ್ಲ ರೀ. ಸ್ವಲ್ಪ ಎಡಕ್ಕೆ ನೋಡಿ." ಕತ್ತು ತಿರುಗಿಸಿದೆ. ನನ್ನ ಕೈಯಿಂದ ಒಂದು ಗೇಣು ದೂರದಲ್ಲಿ ಲೋಟವಿತ್ತು. ನೊರೆ ಇಳಿದು ಕೆನೆ ಕಟ್ಟಿತ್ತು.

ಅದಕ್ಕೆ ಮೂರು ವಾರ ಮುಂಚೆ ನನಗೆ ಸ್ಟ್ರೋಕ್ ಆಗಿತ್ತು. ಕೈಕಾಲು, ಮಾತು ಉಳಿದವು. ಅಕ್ಷರ ಓದಿಸಿದ ಕಣ್ಣಿನ ಡಾಕ್ಟರು ಎರಡು ಕಣ್ಣೂ ಚೆನ್ನಾಗಿವೆ ಎಂದರು. ಆಮೇಲೆ ಫೀಲ್ಡ್ ಟೆಸ್ಟ್. ಬಟ್ಟಲಿನಂಥ ಯಂತ್ರದ ಮುಂದೆ ಗದ್ದ ಊರಿ ಕೂತು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಅಚ್ಚಾಗಿ ಬಂದ ಚಿತ್ರದಲ್ಲಿ ಎರಡೂ ಕಣ್ಣಿನ ಎಡ ಅರ್ಧ ಕಪ್ಪು.

ಡಾಕ್ಟರು ಬಿಡಿಸಿ ಹೇಳಿದರು. ಒಂದೊಂದು ಕಣ್ಣಿನಿಂದಲೂ ಸುಮಾರು 10 ಲಕ್ಷ ನರತಂತುಗಳು ಹೊರಡುತ್ತವೆ. ಮೂಗಿನ ಕಡೆಯವು ದಾರಿಯಲ್ಲಿ ಎದುರು ಬದಿಗೆ ದಾಟುತ್ತವೆ, ಕಿವಿಯ ಕಡೆಯವು ತಮ್ಮ ಬದಿಯಲ್ಲೇ ಸಾಗುತ್ತವೆ. ಹೀಗೆ ಎರಡೂ ಕಣ್ಣಿಗೆ ಬಿದ್ದ ಎಡದ ಲೋಕವೆಲ್ಲ ಬಲ ಮೆದುಳಿನ ಹಿಂಭಾಗಕ್ಕೆ ಹೋಗಿ ಸೇರುತ್ತದೆ. ಅಲ್ಲಿಗೆ ರಕ್ತ ಒಯ್ಯುವ ನಾಳ ನನ್ನಲ್ಲಿ ಕಟ್ಟಿಕೊಂಡಿತ್ತು.

ನನ್ನನ್ನು ಕಾಡಿದ್ದು ಬೇರೆ. ಚಿತ್ರದಲ್ಲಿದ್ದ ಆ ಕಪ್ಪು ನನಗೆಲ್ಲೂ ಕಾಣುವುದಿಲ್ಲ. ನಿಮ್ಮ ಬೆನ್ನ ಹಿಂದೆ ನಿಮಗೆ ಯಾವ ಬಣ್ಣ ಕಾಣುತ್ತದೆ? ಕಪ್ಪೂ ಅಲ್ಲ, ಏನೂ ಅಲ್ಲ. ನನ್ನ ಎಡವೂ ಹಾಗೆಯೇ. ಅರ್ಧ ಹೋಗಿದೆ, ಆದರೂ ಉಳಿದದ್ದೇ ಪೂರ್ತಿಯೆಂದು ತೋರುತ್ತದೆ.

ಮೂವತ್ತು ವರ್ಷ ಸಂಸ್ಕೃತ ಪಾಠ ಹೇಳಿದವನು ನಾನು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪುವ ಆರನೆಯ ಪ್ರಮಾಣ, ಅಂದರೆ ಅರಿವಿನ ಸಾಧನ, ಅನುಪಲಬ್ಧಿ: ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದು. ನೆಲದ ಮೇಲೆ ಗಡಿಗೆ ಕಾಣಲಿಲ್ಲ, ಆದ್ದರಿಂದ ಅಲ್ಲಿ ಗಡಿಗೆ ಇಲ್ಲ. ಆದರೆ ಇದಕ್ಕೆ ಯೋಗ್ಯತೆಯ ಕಟ್ಟುಪಾಡಿದೆ: ಇದ್ದಿದ್ದರೆ ಅದು ಕಾಣಲೇಬೇಕಿತ್ತು ಎನ್ನುವಂತಿರಬೇಕು. ಕತ್ತಲೆ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಇಲ್ಲ ಎನ್ನುವಂತಿಲ್ಲ. ಧರ್ಮಾಧರ್ಮಗಳು ಕಣ್ಣಿಗೆ ಬೀಳುವಂಥವೇ ಅಲ್ಲ, ಕಾಣದ ಮಾತ್ರಕ್ಕೆ ಅವನ್ನೂ ಅಲ್ಲಗಳೆಯಲಾಗದು. ದೇವರಿಲ್ಲ ಎನ್ನುವ ಗೆಳೆಯನ ಬಾಯನ್ನು ಇದೇ ವಾದದಿಂದ ಎಷ್ಟೋ ಸಲ ಮುಚ್ಚಿಸಿದ್ದೇನೆ.

ಅದರ ಮೊನೆ ಈಗ ನನ್ನ ಕಡೆಗೇ ತಿರುಗಿದೆ. ಕತ್ತಲೆಯಾದರೆ ತಾನು ಕತ್ತಲೆಯೆಂದು ತಾನೇ ಹೇಳುತ್ತದೆ. ನನ್ನ ಕೊರತೆ ಹಾಗೆ ಹೇಳುವುದಿಲ್ಲ. ಬೆಳಕಿದೆ, ಕಣ್ಣು ತೆರೆದಿದೆ, ಕಾಫಿ "ಇಲ್ಲ". ನೋಡುವ ಯೋಗ್ಯತೆ ನನಗಿದೆಯೋ ಇಲ್ಲವೋ ಎಂಬುದನ್ನು ನನ್ನ ನೋಟದಿಂದಲೇ ತಿಳಿಯಲು ಬರುವುದಿಲ್ಲ. ಇನ್ನೊಬ್ಬರು ಹೇಳಬೇಕು, ನಾನು ನಂಬಿ ಕತ್ತು ತಿರುಗಿಸಬೇಕು. ಹೀಗೆ ನಂಬಬಹುದಾದ ಮಾತೇ ಆಪ್ತವಾಕ್ಯ; ಅದೆಂದರೆ ವೇದ ಎಂದಷ್ಟೇ ಪಾಠ ಮಾಡಿದ್ದೆ. ಅಡುಗೆಮನೆಯಿಂದ ಬಂದ "ಎಡಕ್ಕೆ ನೋಡಿ" ಎಂಬ ಮಾತೂ ಪ್ರಮಾಣವೇ ಎಂದು ಈಗ ತಿಳಿಯಿತು. ಇದರಿಂದ ದೇವರು ಇದ್ದಾನೆಂದು ಸಿದ್ಧವಾಗುವುದಿಲ್ಲ. ಆದರೆ ಇದ್ದಿದ್ದರೆ ಕಾಣಲೇಬೇಕಿತ್ತೇ ಎಂದು ಗೆಳೆಯನನ್ನು ಕೇಳುತ್ತಿದ್ದ ಪ್ರಶ್ನೆಯನ್ನು ಒಂದು ಸಲವೂ ನನಗೇ ಕೇಳಿಕೊಂಡಿರಲಿಲ್ಲವಲ್ಲ ಎಂದು ನೋವಾಗುತ್ತದೆ.

ಮೊನ್ನೆ ದೇವಸ್ಥಾನದಲ್ಲಿ ಪ್ರದಕ್ಷಿಣೆ ಬರುತ್ತಿದ್ದೆ. ದೇವರು ಬಲಕ್ಕಿರಬೇಕು, ನನಗೆ ಉಳಿದಿರುವುದೂ ಆ ಬದಿಯೇ. ಗರ್ಭಗುಡಿಯ ಗೋಡೆ, ಕೋಷ್ಠದ ಮೂರ್ತಿ, ದೀಪ, ಎಲ್ಲ ಕಣ್ತುಂಬ ಕಂಡವು. ಎರಡನೇ ಸುತ್ತಿನಲ್ಲಿ ಕಾಲಿಗೆ ಏನೋ ತಗುಲಿತು. ಎಡಕ್ಕೆ ಕಂಬಕ್ಕೊರಗಿ ಹೂ ಕಟ್ಟುತ್ತಿದ್ದ ಅಜ್ಜಿಯ ಬುಟ್ಟಿ. ಮಲ್ಲಿಗೆಯೆಲ್ಲ ಚೆಲ್ಲಿಹೋಯಿತು. ಮೊದಲ ಸುತ್ತಿನಲ್ಲೂ ಆಕೆ ಅಲ್ಲೇ ಇದ್ದಿರಬೇಕು. ಕಣ್ಣು ಚೆನ್ನಾಗಿದ್ದ ವರ್ಷಗಳಲ್ಲೂ ದೇವರನ್ನು ಬಲಕ್ಕಿಟ್ಟುಕೊಂಡು, ಎಡಕ್ಕೆ ಯಾರಿದ್ದಾರೆಂದು ನೋಡದೆ ಎಷ್ಟು ಸುತ್ತು ಬಂದಿದ್ದೇನೋ.

ಕೂತು ಒಂದೊಂದೇ ಮೊಗ್ಗು ಆಯ್ದೆ. "ಈ ಕಡೆ ಇನ್ನೂ ಇವೆ ನೋಡಿ ಸ್ವಾಮಿ" ಎಂದಳು ಅಜ್ಜಿ. ಕತ್ತು ತಿರುಗಿಸಿದೆ. ಇದ್ದವು.